ನಾಲ್ಕನೆಯ ವಾರದ ಗೋಡೆ

ನಾನು ನನ್ನ ಗೆಳೆಯನನ್ನು ಮೊದಲ ಸಲ ಕಂಡಾಗ ಅವನು ನನ್ನ ಗಿರಾಕಿಯೊಬ್ಬನ ಮೂಗು ಒಡೆಯುತ್ತಿದ್ದ.

ನನ್ನದು ಹಳೆಯ ಪುಸ್ತಕಗಳ ಅಂಗಡಿ. ಒಂದೇ ಕೋಣೆ, ಮೂರು ಗೋಡೆಗೂ ಸೂರಿನ ತನಕ ಕಪಾಟು, ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ದಾರಿ. ಇಪ್ಪತ್ತೆರಡು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ, ತಲೆಯಿಂದ ಕಾಲಿನವರೆಗೆ ಗಾರೆಯ ಧೂಳು ಮೆತ್ತಿಕೊಂಡಿದ್ದ ಆಳೊಬ್ಬ ಗೋಣಿಚೀಲ ತಂದು ಬಾಗಿಲಲ್ಲಿ ಸುರಿದ. ಕೆಡವುತ್ತಿದ್ದ ಯಾವುದೋ ಮನೆಯ ಅಟ್ಟದಲ್ಲಿ ಸಿಕ್ಕ ಪುಸ್ತಕಗಳು. ಸುರಿದವನು ಹೋಗಲಿಲ್ಲ. ಒಂದನ್ನು ಎತ್ತಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ಓದತೊಡಗಿದ. ನಿತ್ಯ ಬರುವ ಗಿರಾಕಿಯೊಬ್ಬ ಅದನ್ನು ಅವನ ಕೈಯಿಂದ ಕಿತ್ತುಕೊಂಡು, "ನಿಂಗ್ಯಾಕಪ್ಪ ಇದು? ಇಟ್ಟಿಗೆ ಎಣಿಸೋಕೆ ಬಂದ್ರೆ ಸಾಕಲ್ವಾ?" ಎಂದು ನಕ್ಕ. ನಗು ಮುಗಿಯಲಿಲ್ಲ. ಮೂಳೆ ಮುರಿದ ಸದ್ದು ನನಗೆ ಗಲ್ಲಾದವರೆಗೂ ಕೇಳಿಸಿತು. ಗಿರಾಕಿ ಕಪಾಟಿಗೆ ಬಡಿದು ಜಾರಿದ, ರಕ್ತ ನೆಲದ ಪುಸ್ತಕಗಳ ಮೇಲೆಲ್ಲ ಚಿಮ್ಮಿತು. ಹೊಡೆದವನು ಮತ್ತೆ ಕುಕ್ಕರಿಸಿ, ಅಂಗಿಯ ಅಂಚಿನಿಂದ ಒಂದೊಂದೇ ಪುಸ್ತಕ ಒರೆಸಿ, ನನ್ನ ಕಡೆ ನೋಡಿ ಹೇಳಿದ:

"ಇವಕ್ಕೇನೂ ಆಗಿಲ್ಲ."

"ಅವನಿಗೆ?"

"ಅವನಿಗೆ ಬುದ್ಧಿ ಬಂತು. ಮೂಗು ಹೋದ್ರೆ ಹೋಗ್ಲಿ."

ಈಗ ಜನ, ಪಾಪ ಒಳ್ಳೆಯವನು, ಸಿಟ್ಟು ಮಾತ್ರ ಸ್ವಲ್ಪ ಜಾಸ್ತಿ ಎನ್ನುತ್ತಿದ್ದಾರೆ. ಸತ್ತವರ ಬಗ್ಗೆ ಹಾಗೆ ಹೇಳುವುದು ರೂಢಿ. ನನಗೆ ಅದು ಹಿಡಿಸುವುದಿಲ್ಲ. ಅವನು ಮನುಷ್ಯರನ್ನು ಹೊಡೆಯುತ್ತಿದ್ದ. ಮೂರು ಸಲ ಪೊಲೀಸ್ ಠಾಣೆಯಿಂದ ಅವನನ್ನು ಬಿಡಿಸಿಕೊಂಡು ಬಂದವನು ನಾನು. ಪ್ರತಿ ಸಲವೂ ಪೆಟ್ಟು ತಿಂದವನ ಮುಖ ನೋಡಿದ್ದೇನೆ. ಹಾಗಿದ್ದೂ ಅವನು ನನ್ನ ಗೆಳೆಯ. ಈ ಎರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಲು ನನಗೆ ಬರುವುದಿಲ್ಲ.

ಕೆಲಸದವರು ಅವನನ್ನು ಸುತ್ತಿಗೆಯಣ್ಣ ಎನ್ನುತ್ತಿದ್ದರು. ಹಳೆಯ ಕಟ್ಟಡ ಒಡೆಯುವುದು ಅವನ ಕೆಲಸ. ಒಂಬತ್ತು ಕೆಜಿಯ ಸುತ್ತಿಗೆಯನ್ನು ಅವನು ಇತರರು ಕೊಡೆ ಹಿಡಿಯುವ ಹಾಗೆ ಹಿಡಿಯುತ್ತಿದ್ದ. ನನಗೆ ಅವನು ಬರೀ ಸುತ್ತಿಗೆ. ನಾನು ಅವನಿಗೆ ಹುಳ. ಪುಸ್ತಕದ ಹುಳ ಎಂದು ಪೂರ್ತಿ ಹೇಳಲು ಅವನಿಗೆ ಪುರುಸೊತ್ತಿರಲಿಲ್ಲ.

ಅವನ ಅಪ್ಪ ಲಾರಿಗೆ ಮೂಟೆ ಹೊರುತ್ತಿದ್ದವನು. ಕೆಲಸದಿಂದ ಬಂದ ಮೇಲೆ ಸೊಂಟದ ಪಟ್ಟಿ ಬಿಚ್ಚಿದ ಎಂದರೆ ಮಕ್ಕಳಿಬ್ಬರೂ ಮಂಚದಡಿಗೆ. ಪಟ್ಟಿಯ ಕಬ್ಬಿಣದ ಕೊಂಡಿ ಸುತ್ತಿಗೆಯ ಹುಬ್ಬಿನ ಮೇಲೆ ಒಂದು ಗುರುತು ಬಿಟ್ಟಿತ್ತು. ಒಮ್ಮೆ ಅಣ್ಣತಮ್ಮಂದಿರು ಒಂದು ಕಥೆ ಪುಸ್ತಕಕ್ಕೆ ಕಿತ್ತಾಡಿದರಂತೆ. ಶಾಲೆಯ ಮೇಷ್ಟ್ರು ಓದಲು ಕೊಟ್ಟಿದ್ದು, ಕಳೆದುಹೋದ ಕುದುರೆಯನ್ನು ಹುಡುಕಿ ಹೊರಡುವ ಹುಡುಗಿಯ ಕಥೆ. ಅಪ್ಪ ಇಬ್ಬರಿಗೂ ಬಾರಿಸಿ, ಪುಸ್ತಕವನ್ನು ಬೆನ್ನಿನಲ್ಲೇ ಎರಡಾಗಿ ಸೀಳಿ, "ತಗೊಳ್ಳಿ, ಅರ್ಧರ್ಧ" ಎಂದು ಎಸೆದ. ರಟ್ಟಿನ ಕಡೆಯ ಮೊದಲರ್ಧ ಅಣ್ಣನಾದ ಸುತ್ತಿಗೆಗೆ, ಉಳಿದದ್ದು ತಮ್ಮನಿಗೆ. ಅಣ್ಣನ ಅರ್ಧ ಅದೇ ವಾರ ಒಲೆಗೆ ಹೋಯಿತು.

"ನಂಗೆ ಗೊತ್ತಿರೋದು ಇಷ್ಟೇ ಹುಳ, ಕುದುರೆ ಕಳೆದುಹೋಯ್ತು" ಎಂದು ಅವನು ನನಗೆ ಎಷ್ಟೋ ಸಲ ಹೇಳಿದ್ದ. ನಗುತ್ತಲೇ ಹೇಳುತ್ತಿದ್ದ.

ಕಟ್ಟಡ ಒಡೆಯುವವರು ಜೋಡಿಯಾಗಿ ಕೆಲಸ ಮಾಡುತ್ತಾರೆ. ಒಬ್ಬ ಮೇಲೆ ನಿಂತು ಹೊಡೆಯುತ್ತಾನೆ. ಇನ್ನೊಬ್ಬ ಕೆಳಗೆ ನಿಂತು ಗೋಡೆ ನೋಡುತ್ತಾನೆ: ಎಲ್ಲಿ ಬಿರುಕು ಓಡಿತು, ಎಲ್ಲಿ ಮಣ್ಣು ಉದುರಿತು, ಯಾವ ತೊಲೆ ನರಳಿತು. ಗೋಡೆ ಬೀಳುವ ಮೊದಲು ಒಂದು ಸಣ್ಣ ಸದ್ದು ಮಾಡುತ್ತದಂತೆ, ಒಣಗಿದ ಕಡ್ಡಿ ಮುರಿದ ಹಾಗೆ. ಕೆಳಗಿನವನು ಅದನ್ನು ಕೇಳಿಸಿಕೊಂಡು ಕೂಗಬೇಕು. ಹದಿನೈದು ವರ್ಷ ಸುತ್ತಿಗೆಗೆ ಆ ಕೆಳಗಿನವನು ಅವನ ತಮ್ಮನೇ ಆಗಿದ್ದ.

ಎರಡು ವರ್ಷದ ಹಿಂದೆ ತಮ್ಮ ಒಂದು ತೊಲೆಯ ಆಸರೆಯನ್ನು ಹೊತ್ತಿಗೆ ಮುಂಚೆ ತೆಗೆದುಬಿಟ್ಟ. ತೊಲೆ ಇಬ್ಬರ ನಡುವೆ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ಸುತ್ತಿಗೆ ಕೆಳಗಿಳಿದು ಬಂದವನೇ ಅಂಗೈ ಬಿಚ್ಚಿ ತಮ್ಮನ ಎಡಗಿವಿಗೆ ಬಾರಿಸಿದ. ತಮ್ಮ "ಅಣ್ಣಾ" ಎಂದು ಕೈ ಅಡ್ಡ ಹಿಡಿದಾಗ ಆ ಕೈಯನ್ನು ತಳ್ಳಿ ಅದೇ ಜಾಗಕ್ಕೆ ಇನ್ನೊಂದು ಕೊಟ್ಟ. ಮೂರನೆಯದಕ್ಕೆ ತಮ್ಮ ಬಿದ್ದ. ಕಿವಿಯಿಂದ ರಕ್ತ ಕತ್ತಿನವರೆಗೆ ಇಳಿದಿತ್ತು. ಕಿವಿಯ ತಮಟೆ ಹರಿದುಹೋಗಿದೆ, ಇನ್ನು ಆ ಕಿವಿ ಇಲ್ಲ ಎಂದರು ಆಸ್ಪತ್ರೆಯವರು. ಕೆಳಗೆ ನಿಂತು ಕೇಳಿಸಿಕೊಳ್ಳುವ ಕೆಲಸಕ್ಕೆ ಒಂದೇ ಕಿವಿಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ತಮ್ಮ ಊರಾಚೆಯ ಇಟ್ಟಿಗೆ ಅಂಗಳ ಸೇರಿ ಹಳೆಯ ಇಟ್ಟಿಗೆಗಳ ಗಾರೆಯನ್ನು ಮಚ್ಚಿನಿಂದ ಕೆರೆಯುತ್ತ ಕೂತ. ಅಮ್ಮನನ್ನು ತನ್ನ ಜೊತೆ ಕರೆದೊಯ್ದ. ಅಣ್ಣನ ಜೊತೆ ಮಾತು ಬಿಟ್ಟ.

ಈ ವರ್ಷದ ಆರಂಭದಲ್ಲಿ ಸುತ್ತಿಗೆ ಅವರ ಮನೆ ಬಾಗಿಲಿಗೆ ಹೋಗಿ ನಿಂತ. ತಮ್ಮ ಹೊಸಿಲಿನ ಒಳಗಿನಿಂದಲೇ ಹೇಳಿದನಂತೆ: "ಒಂದು ತಿಂಗಳು. ಪೂರ್ತಿ ಮೂವತ್ತು ದಿನ. ಯಾರ ಮೇಲೂ ಕೈ ಎತ್ತಬಾರದು. ಆಮೇಲೆ ನಿನ್ನ ಜೊತೆ ಕೆಲಸಕ್ಕೆ ಬರ್ತೀನಿ. ಮಧ್ಯದಲ್ಲಿ ಒಂದೇ ಒಂದು ಏಟು ಬಿದ್ರೂ ನೀನು ನಂಗೆ ಅಣ್ಣ ಅಲ್ಲ."

ಅವನು ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದ.

ಪ್ರತಿ ತಿಂಗಳ ಮೊದಲ ತಾರೀಖು ನಾನು ಅಂಗಡಿಯ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತೇನೆ. ಈ ತಿಂಗಳ ಓದಿನ ಸವಾಲು. ನಾಲ್ಕು ವಾರಕ್ಕೆ ನಾಲ್ಕು ವಿಷಯ: ಸಮುದ್ರ ಬರುವ ಪುಸ್ತಕ, ನೀವು ಹುಟ್ಟುವ ಮೊದಲು ಅಚ್ಚಾದದ್ದು, ಒಂದೇ ಮನೆಯೊಳಗೆ ನಡೆಯುವ ಕಥೆ, ಹೀಗೆ. ಓದಿ ಮುಗಿಸಿದವರು ತಮ್ಮ ಅಡ್ಡಹೆಸರಿನ ಮುಂದೆ ಗುರುತು ಹಾಕಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ ನಿಯಮ: ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದು ಮಾತ್ರ ಲೆಕ್ಕಕ್ಕೆ, ಅರ್ಧ ಪುಸ್ತಕ ಲೆಕ್ಕಕ್ಕಿಲ್ಲ. ಆ ನಿಯಮ ಮಾಡಿದವನು ನಾನು. ಕೆಲವರು ನಡುವಿನ ಪುಟ ಹಾರಿಸುತ್ತಿದ್ದರು, ಅದಕ್ಕೆ.

ಸುತ್ತಿಗೆ ಆ ಹಾಳೆಯನ್ನು ಬಾಗಿಲಿಂದ ಕಿತ್ತು ತಂದು ನನ್ನ ಮುಂದಿಟ್ಟ.

"ಇಂಥದ್ದೊಂದು ನಂಗೆ ಮಾಡ್ಕೊಡು."

"ನಿನಗಾ? ಒಂದು ಪುಟ ಓದೋಕೆ ನಿಂಗೆ ಕಾಲು ಗಂಟೆ ಬೇಕು."

"ಅದಕ್ಕೇ. ಒಂದು ತಿಂಗಳು ಕೈಗೆ ಪುಸ್ತಕ ಕಟ್ಹಾಕ್ತೀನಿ. ಪುಸ್ತಕ ಹಿಡಿದಿರೋ ಕೈ ಗುದ್ದಲ್ಲ."

"ಗುದ್ದುತ್ತೆ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನೋಡಿದ್ದೀನಿ."

"ಅವತ್ತು ಅವನು ಪುಸ್ತಕ ಕಿತ್ಕೊಂಡಿದ್ದ ಕಣೋ, ಕೈ ಖಾಲಿ ಇತ್ತು" ಎಂದ. ನಾನು ಹೊಸ ಹಾಳೆ ತೆಗೆದೆ.

ಒಂದು ಮಧ್ಯಾಹ್ನವೆಲ್ಲ ಕೂತು ಅವನ ತಿಂಗಳನ್ನು ಹಂಚಿದೆವು. ಮೊದಲ ವಾರ, ಅವನೇ ಒಡೆದ ಕಟ್ಟಡದಲ್ಲಿ ಸಿಕ್ಕ ಪುಸ್ತಕ. ಎರಡನೆಯ ವಾರ, ಏಟು ತಿಂದವರು ತಾವೇ ಹೇಳಿಕೊಂಡ ಕಥೆ. ಇದನ್ನು ನಾನು ಸೇರಿಸಿದೆ, ಅವನು ಮುಖ ಗಂಟಿಕ್ಕಿದರೂ ಬೇಡ ಎನ್ನಲಿಲ್ಲ. ಮೂರನೆಯ ವಾರ, ಹಿಂದೆ ಅರ್ಧಕ್ಕೆ ಕೈಬಿಟ್ಟ ಪುಸ್ತಕ. ನಾಲ್ಕನೆಯದಕ್ಕೆ ಬಂದಾಗ ಅವನೇ ಹೇಳಿದ: "ತಮ್ಮ ಕೊಟ್ಟ ಪುಸ್ತಕ ಅಂತ ಬರಿ. ಕೊಡ್ತಾನೋ ಇಲ್ವೋ ನೋಡೋಣ."

ಆಗ ಅವನ ತಂಡ ಒಂದು ಹಳೆಯ ವಿದ್ಯಾರ್ಥಿನಿಲಯವನ್ನು ಕೆಡವುತ್ತಿತ್ತು. ಮೂರು ಅಂತಸ್ತು, ನಲವತ್ತು ಕೋಣೆ. ಒಡೆಯುವುದು ಮೇಲಿನಿಂದ ಕೆಳಕ್ಕೆ. ಕೊನೆಗೆ ಉಳಿಯುವುದು ನೆಲ ಅಂತಸ್ತಿನ ನಡುಗೋಡೆ. ಸುತ್ತಿಗೆ ಇದ್ದಿಲು ತೆಗೆದುಕೊಂಡು ಆ ನಡುಗೋಡೆಯ ಮೇಲೆ ಎದೆಯೆತ್ತರಕ್ಕೆ ನಾಲ್ಕು ಚೌಕ ಗೀಚಿ, ಒಂದೊಂದರಲ್ಲಿ ಒಂದೊಂದು ವಾರದ ವಿಷಯ ಬರೆದ. ಒಂದು ಪುಸ್ತಕ ಮುಗಿದರೆ ಒಂದು ಚೌಕ ಒಡೆಯುವುದು. ಕಾಗದದ ಮೇಲೆ ಗುರುತು ಹಾಕುವುದೆಲ್ಲ ನಿನ್ನಂಥ ಹುಳಗಳಿಗೆ ಎಂದ. ಕೆಲಸದವರಿಗೆ ಇದು ತಮಾಷೆಯಾಯಿತು. ಸುತ್ತಿಗೆಯಣ್ಣ ತಿಂಗಳು ಮುಗಿಸುತ್ತಾನೋ ಯಾರದಾದರೂ ಹಲ್ಲು ಉದುರಿಸುತ್ತಾನೋ ಎಂದು ಅವರಲ್ಲಿ ಎರಡು ಪಕ್ಷವಾದವು.

ಮೊದಲ ವಾರದ ಪುಸ್ತಕ ಮೂರನೇ ಅಂತಸ್ತಿನ ಕೋಣೆಯೊಂದರ ಅಟ್ಟದಲ್ಲಿ ಸಿಕ್ಕಿತು: ಈಜು ಕಲಿಸುವ ಪುಸ್ತಕ. ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿಯದ ಅವನು ಆರು ದಿನದಲ್ಲಿ ಅದನ್ನು ಮುಗಿಸಿ, ತಾರಸಿಯ ಅಂಚಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಕೈಕಾಲು ಬಡಿದು ತೋರಿಸಿದನಂತೆ. ಅವತ್ತು ಮೊದಲ ಚೌಕ ಹೋಯಿತು. ನಾನು ನೋಡಲು ಹೋಗಿದ್ದೆ. ನಾಲ್ಕು ಏಟು. ಇಟ್ಟಿಗೆಗಳು ಆಚೆ ಬದಿಗೆ ಸಿಡಿದು, ಗೋಡೆಯಲ್ಲಿ ತಲೆ ತೂರುವಷ್ಟು ಕಂಡಿ ಬಿತ್ತು. ಅವನು ಆ ಕಂಡಿಯಿಂದ ನನ್ನ ಕಡೆ ಮುಖ ಹಾಕಿ ನಾಲಿಗೆ ಚಾಚಿದ.

ಎರಡನೆಯ ವಾರ ಅವನು ನನ್ನ ಅಂಗಡಿಗೆ ನುಗ್ಗಿ ಪುಸ್ತಕವನ್ನು ನನ್ನ ಎದೆಗೆ ಎಸೆದ. ಗಂಡನಿಂದ ಹದಿನಾಲ್ಕು ವರ್ಷ ಏಟು ತಿಂದ ಹೆಂಗಸೊಬ್ಬಳು ತನ್ನ ಬದುಕು ಬರೆದದ್ದು. ಕೈ ಮುರಿದ ದಿನ, ಹಲ್ಲು ಹೋದ ದಿನ, ಬಿಸಿ ನೀರಿನ ದಿನ, ಎಲ್ಲವನ್ನೂ ಅವಳು ಹವಾಮಾನ ಹೇಳುವ ಹಾಗೆ ಹೇಳುತ್ತಾಳೆ.

"ಯಾಕೋ ಕೊಟ್ಟೆ ಇದನ್ನ?"

"ನಿಂಗೆ ಗೊತ್ತು ಯಾಕೆ ಅಂತ."

"ಅವಳು ಒಂದು ಕಡೆ ಬರೀತಾಳೆ, ಕೈ ಮೇಲೆ ಹೋದಾಗ ಕಣ್ಣು ಮುಚ್ಕೊಳ್ತಿರಲಿಲ್ಲ, ಕೈಯನ್ನೇ ನೋಡ್ತಿದ್ದೆ ಅಂತ. ಅವನೂ ಹಾಗೇ ನೋಡ್ತಿದ್ದ ಹುಳ. ನನ್ನ ತಮ್ಮ. ನನ್ನ ಕೈಯನ್ನೇ ನೋಡ್ತಿದ್ದ."

"ಅದಕ್ಕೇ ಕೊಟ್ಟಿದ್ದು."

ಅವನ ಬಲಗೈ ಎದ್ದಿತು. ನಾನು ಕಣ್ಣು ಮುಚ್ಚಿಕೊಂಡೆ, ಆ ಹೆಂಗಸಿನಷ್ಟು ಎದೆ ನನಗಿಲ್ಲ. ಮುಷ್ಟಿ ನನ್ನ ಕಿವಿಯ ಪಕ್ಕದಿಂದ ಹಾದು ಕಪಾಟಿಗೆ ಬಿತ್ತು. ಹಲಗೆ ಎರಡಾಗಿ, ನಿಘಂಟುಗಳ ಸಾಲೊಂದು ನನ್ನ ಹೆಗಲ ಮೇಲೆ ಉರುಳಿತು. ಇಬ್ಬರೂ ಏದುಸಿರು ಬಿಡುತ್ತ ನಿಂತೆವು.

"ಇದು ಲೆಕ್ಕಕ್ಕೆ ಬರುತ್ತಾ?" ಎಂದ ಕೊನೆಗೆ, ಹುಡುಗನ ದನಿಯಲ್ಲಿ.

"ಕಪಾಟು ಮನುಷ್ಯ ಅಲ್ಲ."

"ಮತ್ತೆ ನಿಂಗೆ ನಿಘಂಟು ಬಿತ್ತಲ್ಲ?"

"ಅದು ನಿಘಂಟಿನ ತಪ್ಪು."

ಅವನು ಪುಸ್ತಕ ಎತ್ತಿಕೊಂಡು ಹೋದ. ಎರಡು ದಿನದ ಮೇಲೆ ಎರಡನೆಯ ಚೌಕ ಒಡೆದ.

ಮೂರನೆಯ ವಾರ, ಹದಿನೇಳನೇ ದಿನ, ಗುತ್ತಿಗೆದಾರ ಬಂದ. ವಯಸ್ಸಾದ ಆಳೊಬ್ಬ ಕಲ್ಲುಮಣ್ಣು ತುಂಬಿದ ಬಾಂಡ್ಲಿ ಎತ್ತಲಾರದೆ ಕೆಳಗೆ ಹಾಕಿದ್ದಕ್ಕೆ ಅವನ ಕೆನ್ನೆಗೆ ಬಾರಿಸಿದ. ಸುತ್ತಿಗೆ ಮಧ್ಯೆ ಬಂದು ಮುದುಕನನ್ನು ತನ್ನ ಹಿಂದಕ್ಕೆ ಎಳೆದುಕೊಂಡ. ಗುತ್ತಿಗೆದಾರನ ಕಣ್ಣು ಇಟ್ಟಿಗೆಯ ಮೇಲಿದ್ದ ಪುಸ್ತಕದ ಮೇಲೆ ಬಿತ್ತು. ಕಾಲಿನಿಂದ ಅದನ್ನು ಕೆಸರಿಗೆ ಒದ್ದ.

"ಇಲ್ಲಿ ಓದೋಕೆ ಬರ್ತೀಯೋ, ಒಡೆಯೋಕೆ ಬರ್ತೀಯೋ?"

"ಎರಡಕ್ಕೂ, ಯಜಮಾನ್ರೇ."

ಆ ಮಾತಿಗೆ ಅವನ ಕೆನ್ನೆಗೂ ಒಂದು ಬಿತ್ತು. ತುಟಿ ಒಡೆಯಿತು. ಕೆಲಸದವರೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರಂತೆ. ಸುತ್ತಿಗೆ ಒಂಬತ್ತು ಕೆಜಿಯನ್ನು ಹೆಗಲೆತ್ತರಕ್ಕೆ ಎತ್ತಿದ. ಗುತ್ತಿಗೆದಾರನ ಮುಖ ಬಿಳುಪೇರಿತು. ಸುತ್ತಿಗೆ ರಕ್ತ ಉಗಿದು, "ಹದಿನೇಳು" ಎಂದ. ತಿರುಗಿ ಮೆಟ್ಟಿಲುಗಳ ಕಡೆ ನಡೆದ. ಆ ಕಟ್ಟಡದಲ್ಲಿ ಎಲ್ಲಕ್ಕಿಂತ ಗಟ್ಟಿ ಅದರ ಕಾಂಕ್ರೀಟಿನ ಮೆಟ್ಟಿಲು. ಯಂತ್ರ ತರಿಸಬೇಕು ಎಂದು ಎಲ್ಲರೂ ಮುಂದಕ್ಕೆ ಹಾಕುತ್ತಿದ್ದದ್ದು. ಮೂರು ಗಂಟೆ ಒಂದೇ ಸಮ ಹೊಡೆದ. ಕಾಂಕ್ರೀಟಿನ ಚೂರುಗಳು ಸಿಡಿದು ಕೆನ್ನೆ, ಕತ್ತು, ಮುಂಗೈ ಕೊಯ್ದವು. ಒಳಗಿನ ಕಂಬಿಗಳು ಕರುಳಿನ ಹಾಗೆ ಹೊರಬಂದವು. ಅವನ ಅಂಗೈಯ ಚರ್ಮ ಹಿಡಿಗೆ ಅಂಟಿಕೊಂಡಿತು. ಯಾರೂ ಹತ್ತಿರ ಹೋಗಲಿಲ್ಲ.

ಸಂಜೆ ಎರಡೂ ಕೈಗೆ ಚಿಂದಿ ಸುತ್ತಿಕೊಂಡು ಅಂಗಡಿಗೆ ಬಂದ. ಕೆಸರು ಒಣಗಿದ ಪುಸ್ತಕವನ್ನು ಕಂಕುಳಿಂದ ಕೆಳಗೆ ಬೀಳಿಸಿದ.

"ಪುಟ ತಿರುಗಿಸೋಕೆ ಆಗ್ತಿಲ್ಲ ಹುಳ. ನೀನು ತಿರುಗಿಸು."

ಅಂಗಡಿ ಮುಚ್ಚುವವರೆಗೂ ನಾನು ಪಕ್ಕದಲ್ಲಿ ಕೂತು ಪುಟ ತಿರುಗಿಸಿದೆ. ಪ್ರತಿ ಪುಟದ ಕೊನೆಗೆ ಅವನು ಗದ್ದ ಎತ್ತುತ್ತಿದ್ದ. ನಮ್ಮ ಇಪ್ಪತ್ತೆರಡು ವರ್ಷದಲ್ಲಿ ನನಗೆ ಒಂದೇ ಒಂದು ಹೊತ್ತನ್ನು ಮರಳಿ ಕೊಡುತ್ತೇವೆ ಎಂದರೆ ಅದನ್ನೇ ಕೇಳುತ್ತೇನೆ.

ಇಪ್ಪತ್ತೊಂದನೇ ದಿನ ಮೂರನೆಯ ಚೌಕವೂ ಹೋಯಿತು. ಮರುದಿನ ನಾವಿಬ್ಬರೂ ಇಟ್ಟಿಗೆ ಅಂಗಳಕ್ಕೆ ಹೋದೆವು. ತಮ್ಮ ಇಟ್ಟಿಗೆ ರಾಶಿಯ ನಡುವೆ ಕೂತು ಮಚ್ಚಿನಿಂದ ಗಾರೆ ಹೊಡೆಯುತ್ತಿದ್ದ. ತಲೆ ಎತ್ತಲಿಲ್ಲ.

"ಒಂದು ಪುಸ್ತಕ ಬೇಕಿತ್ತು" ಎಂದ ಸುತ್ತಿಗೆ.

ಮಚ್ಚು ನಡೆಯುತ್ತಲೇ ಇತ್ತು.

"ಪುಸ್ತಕ ಬೇಕಿತ್ತು ಕಣೋ!"

"ಈ ಕಡೆ ಬಂದು ಹೇಳು. ಆ ಕಡೆ ಕೇಳೋದನ್ನ ನೀನು ನಿಲ್ಲಿಸಿಬಿಟ್ಟಿದ್ದೀಯ" ಎಂದ ತಮ್ಮ, ಮಚ್ಚಿನಿಂದಲೇ ತನ್ನ ಎಡಗಿವಿ ತೋರಿಸಿ.

ಸುತ್ತಿಗೆ ರಾಶಿ ಸುತ್ತಿ ಬಲಬದಿಗೆ ಹೋಗಿ ಕುಕ್ಕರಿಸಿದ. ಕೈಯ ಚಿಂದಿಯನ್ನು ತಮ್ಮ ನೋಡಿದ.

"ಯಾರಿಗೆ ಹೊಡೆದೆ?"

"ಮೆಟ್ಟಿಲಿಗೆ."

ತಮ್ಮನಿಗೆ ನಗು ಬಂತು. ತಡೆದುಕೊಳ್ಳಲು ಇನ್ನೊಂದು ಇಟ್ಟಿಗೆ ಎತ್ತಿಕೊಂಡ. ಇಪ್ಪತ್ತನಾಲ್ಕನೇ ದಿನ ಅವರ ಅಮ್ಮ ಒಂದು ಪ್ಲಾಸ್ಟಿಕ್ ಕವರು ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು.

"ಚಿಕ್ಕವನು ಕೊಟ್ಟಿದ್ದಾನಪ್ಪ. ದೊಡ್ಡವನಿಗೆ ಕೊಡು. ಇಷ್ಟು ವರ್ಷ ನನ್ನ ಪೆಟ್ಟಿಗೇಲೇ ಇಟ್ಟಿದ್ದ, ನಂಗೇ ಗೊತ್ತಿರಲಿಲ್ಲ."

ಕವರಿನಲ್ಲಿ ರಟ್ಟಿಲ್ಲದ, ಹೆಸರಿಲ್ಲದ ಅರ್ಧ ಪುಸ್ತಕ. ಐವತ್ತೇಳನೇ ಪುಟದಿಂದ ಶುರು. ಕುದುರೆಯ ಕಥೆ.

ಸುತ್ತಿಗೆ ಅದನ್ನು ಒಂದು ಹಗಲಿನಲ್ಲಿ ಓದಿದ. "ಕುದುರೆ ಸಿಗುತ್ತೆ ಹುಳ, ಸಿಗುತ್ತೆ" ಎಂದು ರಸ್ತೆಯಿಂದಲೇ ಕೂಗುತ್ತ ಬಂದ. ನಾನು, ಹಾಗಿದ್ದರೆ ನಾಲ್ಕನೆಯ ಚೌಕ ಒಡೆದುಬಿಡು ಎಂದೆ. ಅವನು ನಾನು ಬಾಗಿಲಿಗೆ ಮತ್ತೆ ಅಂಟಿಸಿದ್ದ ಹಾಳೆಯ ಕೆಳಗಿನ ದಪ್ಪ ಅಕ್ಷರದ ಮೇಲೆ ಬೆರಳಿಟ್ಟ.

"ಅರ್ಧ ಪುಸ್ತಕ ಲೆಕ್ಕಕ್ಕಿಲ್ಲ. ನೀನೇ ಬರೆದಿದ್ದು. ಈ ಸಲ ನಾನು ಯಾವುದರಲ್ಲೂ ಮೋಸ ಮಾಡಲ್ಲ. ಪೂರ್ತಿ ಪುಸ್ತಕ ಹುಡುಕಿಕೊಡು."

ಹೋಗಲಿ ಬಿಡೋ, ಅದು ಗಿರಾಕಿಗಳಿಗೆ ಮಾಡಿದ್ದು ಎನ್ನಬಹುದಿತ್ತು. ಎನ್ನಲಿಲ್ಲ. ನನಗೆ ಹೆಮ್ಮೆಯಾಯಿತು. ನನ್ನ ಒಂದು ಸಾಲಿಗೆ ಅಷ್ಟು ಬೆಲೆ ಕೊಟ್ಟವರು ಅವನ ಹೊರತು ಇನ್ನೊಬ್ಬರಿಲ್ಲ. ಪುಸ್ತಕದ ಹೆಸರು ಯಾರಿಗೂ ಗೊತ್ತಿರಲಿಲ್ಲ. ರಟ್ಟಿನ ಮೇಲೆ ಒಂದು ಕಾಲು ಬಿಳಿಯಿರುವ ಕುದುರೆ ಇತ್ತು ಎನ್ನುವುದಷ್ಟೇ ಅವನಿಗೆ ನೆನಪು. ನಾನು ಪರಿಚಯದ ಅಂಗಡಿಗಳನ್ನೆಲ್ಲ ಜಾಲಾಡಿದೆ.

ಇಪ್ಪತ್ತೆಂಟನೇ ದಿನ ಕಟ್ಟಡವಿದ್ದ ಜಾಗಕ್ಕೆ ಹೋದಾಗ ಅಲ್ಲಿ ಆ ನಡುಗೋಡೆ ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಅಕ್ಕಪಕ್ಕದ ಅಡ್ಡಗೋಡೆಗಳು, ಮೇಲಿನ ಚಪ್ಪಡಿ ಎಲ್ಲ ಹೋಗಿ, ಎರಡಾಳೆತ್ತರದ ಗೋಡೆಯೊಂದು ಎದೆಯಲ್ಲಿ ಮೂರು ಕಂಡಿ ಇಟ್ಟುಕೊಂಡು ಒಂಟಿಯಾಗಿ ನಿಂತಿತ್ತು. ಎರಡು ಮರದ ಆಸರೆ ಕೊಟ್ಟಿದ್ದರು. ಒಂಟಿ ಗೋಡೆಯನ್ನು ಒಂದು ಹಗಲೂ ನಿಲ್ಲಿಸಬಾರದು ಎನ್ನುವುದು ಈ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠ. ಅಲ್ಲಿದ್ದ ಹನ್ನೊಂದು ಜನಕ್ಕೂ ಅದು ಗೊತ್ತಿತ್ತು. ಸುತ್ತಿಗೆಯಷ್ಟು ಚೆನ್ನಾಗಿ ಬಲ್ಲವರಂತೂ ಯಾರೂ ಇರಲಿಲ್ಲ. ಆದರೂ ಎಲ್ಲರೂ ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು, ಯಾರೂ ಮುಟ್ಟುತ್ತಿರಲಿಲ್ಲ. ಸವಾಲು ಮುಗಿದಿರಲಿಲ್ಲವಲ್ಲ.

"ಒಂಟಿ ಗೋಡೆ ಕಣೋ ಹುಳ" ಎಂದ ಅವನು, ಗೋಡೆಯನ್ನು ಅಂಗೈಯಿಂದ ತಟ್ಟಿ. ಆ ದನಿಯಲ್ಲಿ ಒಂದು ಪ್ರಶ್ನೆ ಇತ್ತು.

"ಇನ್ನೆರಡು ದಿನ ನಿಲ್ಲಿಸು. ಪುಸ್ತಕ ಸಿಗುತ್ತೆ."

ಹೀಗೆ ಹೇಳಿದವನು ನಾನು. ಪೊಲೀಸರಿಗೂ ಹೇಳಿದ್ದೇನೆ, ಅವರು ಬರೆದುಕೊಳ್ಳಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಇಪ್ಪತ್ತೊಂಬತ್ತನೇ ದಿನದ ಸಂಜೆ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ, ಕಟ್ಟು ಬಿಚ್ಚದ ಮಕ್ಕಳ ಪುಸ್ತಕಗಳ ಅಡಿಯಲ್ಲಿ ಆ ಬಿಳಿಗಾಲಿನ ಕುದುರೆ ಸಿಕ್ಕಿತು.

ಮೂವತ್ತನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಅದನ್ನು ಹಿಡಿದುಕೊಂಡು ಹೋದೆ. ತಮ್ಮ ಬಂದಿದ್ದ. ಇನ್ನೊಂದು ಹಗಲು ಉಳಿದಿದೆ, ನಾಳೆ ಹೋಗ್ತೀನಿ ಎಂದವನನ್ನು ಅಮ್ಮನೇ ಹೊರಡಿಸಿ ಕಳಿಸಿದ್ದರಂತೆ. ಅಣ್ಣತಮ್ಮಂದಿರು ಗೋಡೆಯಿಂದ ಸ್ವಲ್ಪ ದೂರದಲ್ಲಿ ನಿಂತು ಮಾತಾಡುತ್ತಿದ್ದರು. ಗಾಳಿ ನನ್ನ ಕಡೆಗಿತ್ತು, ಎಲ್ಲ ಕೇಳುತ್ತಿತ್ತು.

"ಇನ್ಮೇಲೆ ನೀನು ಮೇಲೆ, ನಾನು ಕೆಳಗೆ. ನಿನ್ನ ಕಿವಿ ನಾನೇ" ಎಂದ ಸುತ್ತಿಗೆ.

"ನೀನು ಕೂಗಿದ್ರೆ ಕಟ್ಟಡ ತಾನೇ ಬೀಳುತ್ತೆ ಬಿಡು, ಹೊಡೆಯೋದೇ ಬೇಡ" ಎಂದ ತಮ್ಮ.

ಸುತ್ತಿಗೆ ನಕ್ಕು, ಸಲಕರಣೆ ತರಲು ಆಚೆ ಹೋದ. ತಮ್ಮ ಗೋಡೆಯ ಹತ್ತಿರ ಬಂದು ನಾಲ್ಕನೆಯ ಚೌಕವನ್ನು ಓದುತ್ತ ನಿಂತ. ಅದೇ ಹೊತ್ತಿಗೆ ಇಟ್ಟಿಗೆ ತುಂಬಿದ ಲಾರಿಯೊಂದು ಹಿಂದಕ್ಕೆ ಚಲಿಸುತ್ತ ಬಂದು ನೆಲ ಅದುರಿಸಿತು. ನಾನು ದೂರದಿಂದಲೇ ಪುಸ್ತಕವನ್ನು ಮೇಲೆತ್ತಿ ಹಿಡಿದು, "ಸಿಕ್ತು! ನೋಡಿಲ್ಲಿ, ಸಿಕ್ತು!" ಎಂದು ಕೂಗಿದೆ. ತಮ್ಮ ಒಳ್ಳೆಯ ಕಿವಿಯನ್ನು ನನ್ನ ಕಡೆ ತಿರುಗಿಸಿದ. ಇನ್ನೊಂದು ಕಿವಿ ಗೋಡೆಯ ಕಡೆಗಿತ್ತು.

ಆ ಕಡ್ಡಿ ಮುರಿದ ಸದ್ದು ನನಗೂ ಕೇಳಿಸಲಿಲ್ಲ. ಸುತ್ತಿಗೆಗೆ ಕೇಳಿಸಿತು. ಅವನು ಕೂಗಿದ. ನಾನು ಕೂಗುತ್ತಲೇ ಇದ್ದೆ. ತಮ್ಮ ನನ್ನನ್ನು, ನನ್ನ ಕೈಯ ಪುಸ್ತಕವನ್ನು ನೋಡಿ ನಗುತ್ತಿದ್ದ. ಒಂದು ಆಸರೆ ಬಿಲ್ಲಿನ ಹಾಗೆ ಬಾಗಿ ಸಿಡಿಯಿತು. ಸುತ್ತಿಗೆ ಓಡಿಬಂದ. ಅಷ್ಟು ದೊಡ್ಡ ಮೈ ಅಷ್ಟು ಬೇಗ ಓಡಿದ್ದನ್ನು ನಾನು ನೋಡಿರಲಿಲ್ಲ. ಎರಡೂ ಕೈ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ತಮ್ಮನ ಬೆನ್ನಿಗೆ ಹೊಡೆದ. ತಮ್ಮ ನೆಲ ಬಿಟ್ಟು ಹಾರಿ ಇಟ್ಟಿಗೆ ರಾಶಿಯ ಮೇಲೆ ಮುಖ ಅಡಿಯಾಗಿ ಬಿದ್ದ. ಅವನ ಹೆಗಲ ಮೂಳೆ ಮುರಿಯಿತು, ಮುಂದಿನ ಎರಡು ಹಲ್ಲು ಹೋದವು. ಗೋಡೆ ಮೂರು ಕಂಡಿಗಳ ಸಾಲಿನಲ್ಲಿ ಮಡಿಸಿಕೊಂಡು, ಮೇಲಿನರ್ಧ ಮೊದಲು, ಕೆಳಗಿನರ್ಧ ಆಮೇಲೆ, ಸುತ್ತಿಗೆಯ ಮೇಲೆ ಬಿತ್ತು.

ಧೂಳಿನಲ್ಲಿ ಯಾರೂ ಯಾರಿಗೂ ಕಾಣುತ್ತಿರಲಿಲ್ಲ. ತಮ್ಮ ಒಂದೇ ಕೈಯಲ್ಲಿ ಇಟ್ಟಿಗೆ ಎತ್ತಿ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದ, ಬಾಯಿಯಿಂದ ರಕ್ತ ಸುರಿಸುತ್ತ, ಅಣ್ಣಾ ಅಣ್ಣಾ ಎಂದು. ಗುತ್ತಿಗೆದಾರನೂ ಓಡಿಬಂದು ನಮ್ಮ ಜೊತೆ ಉಗುರು ಕಿತ್ತುಹೋಗುವ ಹಾಗೆ ಬಗೆದ, ಅದನ್ನೂ ಹೇಳಬೇಕು. ಮೊದಲು ಸಿಕ್ಕಿದ್ದು ಚಿಂದಿ ಸುತ್ತಿದ ಒಂದು ಕೈ. ತಲೆ ಇದ್ದ ಕಡೆಯ ಇಟ್ಟಿಗೆಗಳನ್ನು ನಾನು ಎತ್ತಿದೆ. ಅಲ್ಲಿ ನೋಡಿದ್ದನ್ನು ಬರೆಯುವುದಿಲ್ಲ.

ಆಸ್ಪತ್ರೆಯಲ್ಲಿ ಪೊಲೀಸಿನವನು ತಮ್ಮನನ್ನು ಏನಾಯಿತು ಎಂದು ಕೇಳಿದ.

"ನಮ್ಮಣ್ಣ ನಂಗೆ ಹೊಡೆದ."

"ಎಲ್ಲಿಗೆ?"

ತಮ್ಮ ತಿರುಗಿ ಅಂಗಿ ಎತ್ತಿದ. ಬೆನ್ನ ಮೇಲೆ ಎರಡು ಅಂಗೈ, ಹತ್ತು ಬೆರಳು, ಅಚ್ಚೊತ್ತಿದ ಹಾಗೆ ಕಪ್ಪಾಗಿದ್ದವು.

ಆ ಗುರುತಿಗೆ ಮುಲಾಮು ಹಚ್ಚಲು ಅವರ ಅಮ್ಮ ಬಿಡಲಿಲ್ಲ. ದಿನವೂ ಬೆಳಿಗ್ಗೆ ಅಂಗಿ ಎತ್ತಿಸಿ ನೋಡುತ್ತಿದ್ದರು. ಕಪ್ಪು ನೀಲಿಯಾಯಿತು, ನೀಲಿ ಹಸಿರಾಯಿತು. ಒಂಬತ್ತನೇ ದಿನ ತಮ್ಮ ಹೆಗಲಿಗೆ ಪಟ್ಟಿ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದ. ನನ್ನ ಬಲಬದಿಗೆ ಕೂರಲು ಹೋಗಿ, ನೆನಪಾಗಿ ಎಡಬದಿಗೆ ಬಂದು ಕೂತ, ಒಳ್ಳೆಯ ಕಿವಿ ನನ್ನ ಕಡೆ ಇರಲಿ ಎಂದು. ಹಲ್ಲಿಲ್ಲದ ಬಾಯಿಂದ ಮಾತು ತೊದಲುತ್ತಿತ್ತು.

"ಆ ಪುಸ್ತಕ ಕೊಡು. ಮೊದಲರ್ಧ ನಾನೂ ಓದಿಲ್ಲ. ಕುದುರೆ ಸಿಗೋದು ಗೊತ್ತು, ಹೇಗೆ ಹೋಯ್ತು ಅಂತ ಗೊತ್ತಿಲ್ಲ."

"ನಿಧಾನಕ್ಕೆ ಓದು."

"ಆಗಲ್ಲ. ಇದು ಮಾಸೋದರೊಳಗೆ ಮುಗಿಸ್ಬೇಕು" ಎಂದು ಹೆಗಲ ಹಿಂದಕ್ಕೆ ಗದ್ದ ತೋರಿಸಿದ.

ಅವನೂ ಬೆರಳಿಟ್ಟೇ ಓದುತ್ತಾನೆ. ದಿನವೂ ಬಂದು ನಾಲ್ಕೈದು ಪುಟ ಓದಿ, ಹೋಗುವಾಗ ನನ್ನ ಮುಂದೆ ಬೆನ್ನು ತಿರುಗಿಸುತ್ತಿದ್ದ. ನಾನು ಅಂಗಿ ಎತ್ತಿ ನೋಡಿ, ಇನ್ನೂ ಇದೆ ಎನ್ನುತ್ತಿದ್ದೆ. ಐವತ್ತಾರನೇ ಪುಟಕ್ಕೆ ಬಂದ ದಿನ ಎಡ ಅಂಗೈ ಪೂರ್ತಿ ಹೋಗಿ, ಬಲಗೈಯ ಹೆಬ್ಬೆರಳಿದ್ದ ಜಾಗದಲ್ಲಿ ಮಾತ್ರ ಒಂದು ಹಳದಿ ಕಲೆ ಉಳಿದಿತ್ತು.

"ಅವನು ಅರ್ಧ ಓದಿದ, ನಾನು ಅರ್ಧ ಓದಿದೆ" ಎಂದ. "ಲೆಕ್ಕಕ್ಕೆ ತಗೋತೀಯಾ?"

ನಾನು ಪೆನ್ನು ತೆಗೆದುಕೊಂಡು ಬಾಗಿಲಿಗೆ ಹೋಗಿ, ಕೆಳಗಿನ ದಪ್ಪ ಅಕ್ಷರದ ಸಾಲನ್ನು ಹೊಡೆದುಹಾಕಿದೆ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿಯಿತು.

"ಹೊಡೆದಿದ್ದನ್ನ?" ಎಂದ ಅವನು ಹಿಂದಿನಿಂದ. "ಮೂವತ್ತನೇ ದಿನ ಕೈ ಎತ್ತಿಬಿಟ್ಟನಲ್ಲ. ಅದನ್ನ ಏನು ಮಾಡೋಣ?"

ನಾನು ಹರಿದ ಹಾಳೆಯನ್ನು ಬಾಗಿಲಿಂದ ಬಿಡಿಸಿಕೊಂಡೆ. ಅವನು ಅಂಗಿ ಕೆಳಗೆಳೆದುಕೊಂಡು, ಮುಂದಿನ ತಿಂಗಳ ಹಾಳೆಯಲ್ಲಿ ತನಗೂ ಒಂದು ಸಾಲು ಬಿಡಲು ಹೇಳಿದ. ಏನು ಹೆಸರು ಬರೆಯಲಿ ಎಂದು ಕೇಳಿದೆ.

"ಸುತ್ತಿಗೆಯ ತಮ್ಮ ಅಂತ ಬರಿ" ಎಂದ.